ಬೇಕನ್ ಸುತ್ತಿದ ಸಿಗಡಿ ಕೆಟ್ಟರೆ ಎಲ್ಲಿ ನೋಡಬೇಕು

ಅವತ್ತು ಡಿಸೆಂಬರ್ 31. ಮನೆಯಲ್ಲಿ ಹತ್ತು ಜನ ಕೂತಿದ್ದರು. ಓವನ್‌ನಿಂದ ಟ್ರೇ ಹೊರಗೆ ತೆಗೆದೆ. ಬೇಕನ್, ಅಂದರೆ ಉಪ್ಪು ಹಚ್ಚಿ ಹದ ಮಾಡಿದ ಹಂದಿಮಾಂಸದ ತೆಳು ಪಟ್ಟಿ, ಇನ್ನೂ ಬೆಳ್ಳಗೆ, ಮೆತ್ತಗೆ ಜೋತು ಬಿದ್ದಿತ್ತು. ಒಳಗಿನ ಸಿಗಡಿ ಮಾತ್ರ ಆಗಲೇ ಮುದುಡಿ ಗಟ್ಟಿಯಾಗಿತ್ತು. ಬೇಕನ್ ಬೇಯಲಿ ಎಂದು ಮತ್ತೆ ಐದು ನಿಮಿಷ ಇಟ್ಟೆ. ಬೇಕನ್ ಸ್ವಲ್ಪ ಕೆಂಪಾಯಿತು, ಸಿಗಡಿ ಇನ್ನಷ್ಟು ರಬ್ಬರ್ ಆಯಿತು. ಇಪ್ಪತ್ತನಾಲ್ಕು ದೊಡ್ಡ ಸಿಗಡಿ, ಒಂದೂ ಚೆನ್ನಾಗಿ ಬರಲಿಲ್ಲ.

ಆಮೇಲೆ ಇದೇ ತಿಂಡಿಯನ್ನು ಎಷ್ಟೋ ಸಲ ಮಾಡಿದ್ದೇನೆ. ಪ್ರತಿ ಸಲ ಏನು ಬದಲಿಸಿದೆ, ಏನಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈ ಬರಹ ಆ ಪುಟಗಳಿಂದ ಬಂದದ್ದು. ಬೆಳಗಾವಿಯಲ್ಲಿ ಇದನ್ನು ಮಾಡುವವರು ಕಡಿಮೆ ಏನಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಕ್ಯಾಂಪ್ ಕಡೆಯ ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಬೇಕನ್ ಸಿಗುತ್ತದೆ, ಮೀನು ಮಾರ್ಕೆಟ್ಟಿನಲ್ಲಿ ಸಿಗಡಿ ಸಿಗುತ್ತದೆ. ನಮ್ಮಲ್ಲಿ ಅದನ್ನು ಕೆಲವರು ಕೋಳಂಬಿ ಅನ್ನುತ್ತಾರೆ, ಕೊಂಕಣಿಯವರು ಸುಂಗಟ ಅನ್ನುತ್ತಾರೆ. ಒಂದು ದೊಡ್ಡ ಸಿಗಡಿ, ಅರ್ಧ ಪಟ್ಟಿ ಬೇಕನ್, ಒಂದು ಟೂತ್‌ಪಿಕ್. ಸಾಮಾನು ಇಷ್ಟೇ. ಆದರೂ ಕೆಡುತ್ತದೆ.

ಯಾಕೆ ಅಂದರೆ, ಇಲ್ಲಿ ಎರಡು ಪದಾರ್ಥಗಳಿಗೆ ಬೇಕಾದ ಸಮಯ ಬೇರೆ ಬೇರೆ. 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬರೀ ಸಿಗಡಿ ಆರೆಂಟು ನಿಮಿಷಕ್ಕೆ ಬೇಯುತ್ತದೆ. ಅದೇ ಓವನ್‌ನಲ್ಲಿ ಹಸಿ ಬೇಕನ್ ಗರಿಗರಿಯಾಗಲು 15ರಿಂದ 20 ನಿಮಿಷ ಬೇಕು. ಎರಡನ್ನೂ ಒಟ್ಟಿಗೆ ಕಟ್ಟಿ ಒಳಗಿಟ್ಟರೆ ಒಂದು ಕಾಯಬೇಕು, ಇನ್ನೊಂದು ಕಾಯಲಾರದು. ಕೆಳಗೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ. ಉಳಿದವುಗಳಲ್ಲಿ ಬಹಳಷ್ಟು ನೀರಿನಿಂದ ಬರುತ್ತವೆ.

ಮೊದಲು ಒಂದನ್ನು ಬಿಚ್ಚಿ ನೋಡಿ

ಓವನ್‌ನ ಶಾಖ ಏರಿಸಬೇಕೋ ಇಳಿಸಬೇಕೋ ಎಂದು ಸುಮ್ನೆ ಊಹಿಸಬೇಡಿ. ಒಂದು ತುಂಡನ್ನು ತಟ್ಟೆಗೆ ತೆಗೆದು ಪೂರ್ತಿ ಬಿಚ್ಚಿ. ಮೂರು ಕಡೆ ನೋಡಬೇಕು.

ಒಂದು, ಬೇಕನ್‌ನ ಒಳಮುಖ. ಹೊರಗೆ ಕೆಂಪಾಗಿದ್ದರೂ ಸಿಗಡಿಗೆ ಅಂಟಿಕೊಂಡ ಕಡೆ, ಅದರಲ್ಲೂ ಒಂದು ಪದರದ ಮೇಲೆ ಇನ್ನೊಂದು ಬಿದ್ದ ಕಡೆ, ಕೊಬ್ಬು ಬೆಳ್ಳಗೆ ಉಳಿದಿದೆಯಾ?

ಎರಡು, ಸಿಗಡಿಯ ಆಕಾರ ಮತ್ತು ನಡುಭಾಗ. ಸರಿಯಾಗಿ ಬೆಂದ ಸಿಗಡಿ ಕುಡುಗೋಲಿನಷ್ಟು ಬಾಗಿರುತ್ತದೆ. ತಲೆಯ ಕಡೆಯೂ ಬಾಲವೂ ಒಂದಕ್ಕೊಂದು ತಾಗಿ ಬಳೆಯ ಹಾಗೆ ಸುತ್ತಿಕೊಂಡಿದ್ದರೆ ಅತಿಯಾಗಿ ಬೆಂದಿದೆ. ನಡುವೆ ಕೊಯ್ದಾಗ ಗಾಜಿನ ಹಾಗೆ ಕಂಡರೆ ಇನ್ನೂ ಹಸಿ. ಮುತ್ತಿನಂತೆ ಬೆಳ್ಳಗಿದ್ದರೆ ಸರಿ.

ಮೂರು, ಟ್ರೇಯ ತಳ. ಇದನ್ನು ಯಾರೂ ನೋಡುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ. ತಳದಲ್ಲಿ ತಿಳಿಯಾದ ಎಣ್ಣೆಯಂಥ ಜಿಡ್ಡು ನಿಂತಿದ್ದರೆ ಬೇಕನ್‌ನ ಕೊಬ್ಬು ಕರಗುತ್ತಿದೆ, ಕೆಲಸ ಸರಿಯಾಗಿ ಸಾಗುತ್ತಿದೆ. ಮಜ್ಜಿಗೆ ನೀರಿನ ಹಾಗೆ ಬಿಳಿ, ಮಬ್ಬು ನೀರು ನಿಂತಿದ್ದರೆ ಸಿಗಡಿಯಿಂದ ನೀರು ಬಿಟ್ಟಿದೆ. ಆಗ ನಿಮ್ಮ ಬೇಕನ್ ಹುರಿಯುತ್ತಿಲ್ಲ, ಹಬೆಯಲ್ಲಿ ಬೇಯುತ್ತಿದೆ.

ಈ ಮೂರನ್ನೂ ನೋಡಿಯಾದ ಮೇಲೆ ಮುಂದೆ ಓದಿ.

ಬೇಕನ್ ಮೆತ್ತಗೆ, ಸಿಗಡಿ ರಬ್ಬರ್, ತಳದಲ್ಲಿ ತಿಳಿ ಜಿಡ್ಡು

ಇದು ಸಮಯದ ತೊಂದರೆ. ಬೇಕನ್‌ಗೆ ಮೊದಲೇ ಒಂದಿಷ್ಟು ಶಾಖ ಕೊಟ್ಟಿರಬೇಕಿತ್ತು.

ಬೇಕನ್ ಪಟ್ಟಿಗಳನ್ನು ಸುತ್ತುವ ಮುಂಚೆ ಅರ್ಧ ಬೇಯಿಸಿಕೊಳ್ಳಿ. ತಣ್ಣನೆಯ ತವಾ ಮೇಲೆ ಹರಡಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ ಎರಡರಿಂದ ಮೂರು ನಿಮಿಷ ಸಾಕು. ಎಣ್ಣೆ ಬೇಡ. ತವಾ ತಣ್ಣಗಿರುವಾಗಲೇ ಇಡುವುದು ಮುಖ್ಯ. ಬಿಸಿ ತವಾಗೆ ಹಾಕಿದರೆ ಮಾಂಸದ ಭಾಗ ಸೀದು ಮುದುಡುತ್ತದೆ, ಕೊಬ್ಬು ಹಾಗೇ ಉಳಿಯುತ್ತದೆ. ಓವನ್‌ನಲ್ಲಾದರೆ ತಂತಿ ಜಾಲರಿಯ ಮೇಲಿಟ್ಟು 200 ಡಿಗ್ರಿಯಲ್ಲಿ ಆರೆಂಟು ನಿಮಿಷ.

ಎಲ್ಲಿಗೆ ನಿಲ್ಲಿಸಬೇಕು? ಕೊಬ್ಬಿನ ಭಾಗ ಬಿಳಿ ಬಣ್ಣ ಕಳೆದುಕೊಂಡು ಗಾಜಿನಂತೆ ಕಾಣಲು ಶುರುವಾದಾಗ. ಒಂದು ಪಟ್ಟಿಯನ್ನು ಸ್ವಲ್ಪ ಆರಿಸಿ ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದೆ ಸುತ್ತಿಕೊಂಡರೆ ಸರಿಯಾದ ಹದ. ಮುರಿದರೆ ಜಾಸ್ತಿ ಆಯಿತು. ಆ ಪಟ್ಟಿಯನ್ನು ಪುಡಿ ಮಾಡಿ ಬೆಳಗಿನ ಆಮ್ಲೆಟ್‌ಗೆ ಹಾಕಿಕೊಳ್ಳಿ. ಸಿಗಡಿಗೆ ಸುತ್ತಲು ಅದು ಆಗುವುದಿಲ್ಲ.

ಹೀಗೆ ಮಾಡಿಕೊಂಡ ಬೇಕನ್ ಸುತ್ತಿದರೆ 200 ಡಿಗ್ರಿಯಲ್ಲಿ 9ರಿಂದ 10 ನಿಮಿಷಕ್ಕೆ ಎರಡೂ ಒಟ್ಟಿಗೆ ತಯಾರಾಗುತ್ತವೆ. ಐದನೇ ನಿಮಿಷಕ್ಕೆ ಒಮ್ಮೆ ತಿರುವಿ ಹಾಕಿ. ಏರ್ ಫ್ರೈಯರ್‌ನಲ್ಲಾದರೆ ಅದೇ ಶಾಖದಲ್ಲಿ 7ರಿಂದ 9 ನಿಮಿಷ. ಒಂದು ಮಾತು ನೆನಪಿಡಿ. ಬಿಸಿ ಬೇಕನ್ ಅನ್ನು ಹಸಿ ಸಿಗಡಿಗೆ ಸುತ್ತಿ ಅರ್ಧ ತಾಸು ಹೊರಗಿಡಬೇಡಿ. ಪೂರ್ತಿ ಆರಿಸಿ ಸುತ್ತಿ ಫ್ರಿಜ್‌ಗೆ ಇಡಿ, ಇಲ್ಲವೇ ಸುತ್ತಿದ ಕೂಡಲೇ ಬೇಯಿಸಿ.

ಅರ್ಧ ಬೇಯಿಸಿದರೂ ಇದೇ ದೋಷ ಮತ್ತೆ ಬಂದರೆ ಬೇಕನ್‌ನ ದಪ್ಪ ನೋಡಿ. ಅಂಗಡಿಯವರು ಮಷೀನ್‌ನಲ್ಲಿ ಕೊಯ್ದು ಕೊಡುತ್ತಾರೆ ಎಂದಾದರೆ ತೆಳ್ಳಗೆ ಕೊಯ್ಯಲು ಹೇಳಿ. 2 ಮಿಲಿಮೀಟರ್ ಮೀರಬಾರದು. ದಪ್ಪ ಪಟ್ಟಿಯೇ ಸಿಕ್ಕಿದ್ದರೆ ಹಲಗೆಯ ಮೇಲಿಟ್ಟು ಚಾಕುವಿನ ಬೆನ್ನಿನಿಂದ ಉದ್ದಕ್ಕೆ ಎಳೆಯಿರಿ. ಪಟ್ಟಿ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ.

ಯಾವ ಬೇಕನ್ ಅನ್ನುವುದೂ ಮುಖ್ಯ. ಹಂದಿಯ ಹೊಟ್ಟೆ ಭಾಗದಿಂದ ಬರುವ, ಕೊಬ್ಬು ಮತ್ತು ಮಾಂಸ ಗೆರೆಗೆರೆಯಾಗಿ ಕಾಣುವ ಸ್ಟ್ರೀಕಿ ಬೇಕನ್ ಇದಕ್ಕೆ ಸರಿ. ಬೆನ್ನಿನ ಭಾಗದ ಬ್ಯಾಕ್ ಬೇಕನ್ ಅಗಲ, ಕೊಬ್ಬು ಕಡಿಮೆ. ಸಿಗಡಿಯ ಸುತ್ತ ಅದು ಚಕ್ಕೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಚಿಕನ್ ಬೇಕನ್‌ನಲ್ಲಿ ಕರಗುವ ಕೊಬ್ಬೇ ಕಡಿಮೆ. ಹಾಗಾಗಿ ಅದನ್ನು ಮೊದಲು ಬೇಯಿಸುವ ಕೆಲಸವಿಲ್ಲ, ಆದರೆ ಮೇಲೆ ಸ್ವಲ್ಪ ಎಣ್ಣೆ ಸವರದಿದ್ದರೆ ಒಣಗುತ್ತದೆ.

ಇನ್ನು ಸಿಗಡಿಯ ಗಾತ್ರ. ಸಣ್ಣ ಸಿಗಡಿಗೆ ಈ ತಿಂಡಿ ಒಗ್ಗುವುದಿಲ್ಲ, ಏನು ಮಾಡಿದರೂ ಅತಿಯಾಗಿಯೇ ಬೇಯುತ್ತದೆ. ಫ್ರೋಜನ್ ಪ್ಯಾಕೆಟ್ ಮೇಲೆ 16/20, 31/40 ಎಂಬ ಸಂಖ್ಯೆ ಇರುತ್ತದೆ. ಒಂದು ಪೌಂಡ್ ತೂಕಕ್ಕೆ ಎಷ್ಟು ಸಿಗಡಿ ಎಂಬ ಲೆಕ್ಕ ಅದು. 16/20 ಅಂದರೆ ಕಿಲೋಗೆ ಸುಮಾರು 35ರಿಂದ 44. ಸಂಖ್ಯೆ ಕಡಿಮೆಯಾದಷ್ಟೂ ಸಿಗಡಿ ದೊಡ್ಡದು. 21/25ಕ್ಕಿಂತ ಸಣ್ಣದನ್ನು ಇದಕ್ಕೆ ತರಬೇಡಿ. ಸಣ್ಣದರಲ್ಲಿ ಒಳ್ಳೆಯ ಸಾರು ಮಾಡಬಹುದು.

ಬೇಕನ್ ಮೆತ್ತಗೆ, ತಳದಲ್ಲಿ ಬಿಳಿ ನೀರು

ಇದು ನೀರಿನ ತೊಂದರೆ. ನೀರು ಇರುವವರೆಗೆ ಆ ಜಾಗದ ಶಾಖ 100 ಡಿಗ್ರಿ ದಾಟುವುದಿಲ್ಲ. ಬೇಕನ್‌ಗೆ ಹೊಂಬಣ್ಣ, ಆ ಹುರಿದ ಪರಿಮಳ ಬರಬೇಕಾದರೆ ಮೇಲ್ಮೈ 140 ಡಿಗ್ರಿ ಆಸುಪಾಸಿಗೆ ಹೋಗಬೇಕು. ಶಾಖ ಅಷ್ಟು ಏರಲು ನೀರು ಬಿಡುವುದಿಲ್ಲ.

ಈ ದೋಷ ನನಗೆ ಜೂನ್–ಜುಲೈನಲ್ಲಿ ಜಾಸ್ತಿ ಕಾಣಿಸುತ್ತಿತ್ತು. ಮಳೆಗೆ ಹವೆಯೇ ಹಸಿ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಮಾವಶಿ ಒಂದು ದಿನ ನನ್ನ ಚೀಲ ನೋಡಿ ಹೇಳಿದರು: “ಇದು ಬರ್ಫಿನ ಮಾಲ್ ಐತ್ರಿ ಅಕ್ಕಾರ, ನೀರ ಭಾಳ ಕುಡದೈತಿ. ಹಿಂಡಿ ಒರಸ್ರಿ ಮೊದಲ.” ಆಗ ತಲೆಗೆ ಹೊಳೆಯಿತು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಆ ದಿನಗಳಲ್ಲಿ ನನ್ನ ಚೀಲಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಫ್ರೋಜನ್ ಸಿಗಡಿ. ತೊಂದರೆ ಹವೆಯಲ್ಲಿ ಇರಲಿಲ್ಲ, ಚೀಲದಲ್ಲೇ ಇತ್ತು.

ಫ್ರೋಜನ್ ಸಿಗಡಿಯ ಮೇಲೆ ತೆಳುವಾದ ಐಸಿನ ಪದರ ಇರುತ್ತದೆ. ಅದು ಒಣಗದಿರಲಿ ಎಂದು ಹಾಕಿದ್ದು. ಕೆಲವು ಪ್ಯಾಕೆಟ್‌ಗಳಲ್ಲಿ ಸಿಗಡಿ ನೀರು ಹಿಡಿದಿಟ್ಟುಕೊಳ್ಳಲಿ ಎಂದು ಫಾಸ್ಫೇಟ್ ಉಪ್ಪನ್ನೂ ಸೇರಿಸಿರುತ್ತಾರೆ. ಪ್ಯಾಕೆಟ್ ಹಿಂದೆ ಐಎನ್‌ಎಸ್ 451 ಎಂದು ಬರೆದಿದ್ದರೆ ಅದೇ. ತಿನ್ನಲು ತೊಂದರೆ ಇಲ್ಲ, ಆದರೆ ಬೇಯುವಾಗ ಆ ನೀರಿನಲ್ಲಿ ಒಂದಿಷ್ಟು ಹೊರಗೆ ಬರುತ್ತದೆ. ಸಿಗುವುದಾದರೆ ಸಿಗಡಿ ಮತ್ತು ಉಪ್ಪು ಬಿಟ್ಟು ಬೇರೇನೂ ಬರೆದಿರದ ಪ್ಯಾಕೆಟ್ ಆರಿಸಿ.

ಐಸ್ ಬಿಡಿಸುವ ಕ್ರಮ ಇದು. ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಹಾಕಿ, ಅದೂ ತೂತಿನ ಬುಟ್ಟಿಯಲ್ಲಿ, ಕೆಳಗೆ ಒಂದು ಪಾತ್ರೆ ಇಟ್ಟು. ಕರಗಿದ ನೀರಲ್ಲೇ ಸಿಗಡಿ ಮುಳುಗಿ ಕೂರಬಾರದು. ಅವಸರವಿದ್ದರೆ ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಅರ್ಧ ತಾಸು ಇಡಿ. ಬಿಸಿನೀರು ಬೇಡ, ಹೊರಭಾಗ ಅರೆಬೆಂದು ಒಳಗೆ ಐಸ್ ಉಳಿಯುತ್ತದೆ.

ಆಮೇಲೆ ಒರೆಸುವುದು. ನಾನು ಹಳೆಯ ಮೆತ್ತನೆ ಕಾಟನ್ ಬಟ್ಟೆ ಬಳಸುತ್ತೇನೆ. ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಇನ್ನೊಂದು ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಬಟ್ಟೆ ಒದ್ದೆಯಾದರೆ ಬದಲಿಸಿ ಮತ್ತೆ ಒತ್ತಿ. ಸಿಗಡಿ ಬೆರಳಿಗೆ ಜಾರುವುದು ನಿಂತು ಸ್ವಲ್ಪ ಅಂಟುವ ಹಾಗಾಗಬೇಕು. ಈ ಕೆಲಸಕ್ಕೆ ಹತ್ತು ನಿಮಿಷ ಕೊಡಿ. ಇಡೀ ಬರಹದಲ್ಲಿ ಒಂದೇ ಒಂದು ಮಾತು ಕೇಳುತ್ತೀರಿ ಅಂದರೆ ಇದನ್ನು ಕೇಳಿ ಅನ್ನುತ್ತೇನೆ. ಬಟ್ಟೆಗಳನ್ನು ಆಮೇಲೆ ಬಿಸಿನೀರು, ಸೋಪಿನಲ್ಲಿ ಬೇರೆಯಾಗಿ ತೊಳೆಯಿರಿ.

ನೀರಿಗೆ ಇನ್ನೊಂದು ಕಾರಣ ಟ್ರೇಯಲ್ಲಿ ಇಕ್ಕಟ್ಟು. ತುಂಡುಗಳ ನಡುವೆ ಒಂದು ಬೆರಳಿನ ಜಾಗ ಬೇಕು. ಜಾಲರಿ ಮೇಲಿಟ್ಟರೆ ಕೆಳಗಿನಿಂದಲೂ ಬಿಸಿ ಗಾಳಿ ಆಡುತ್ತದೆ, ಜಿಡ್ಡು ಕೆಳಗಿನ ಟ್ರೇಗೆ ಬೀಳುತ್ತದೆ. ತವಾ ಮೇಲೆ ಮಾಡುವವರು ಮುಚ್ಚಳ ಮುಚ್ಚಲೇಬಾರದು.

ಎಲ್ಲ ಸರಿ ಮಾಡಿದರೂ ಬಣ್ಣ ಬರುತ್ತಿಲ್ಲ

ಆಗ ಓವನ್ ಮೇಲೆ ಅನುಮಾನ ಪಡಿ. ನಮ್ಮ ಮನೆಗಳಲ್ಲಿರುವುದು ಸಾಮಾನ್ಯವಾಗಿ ಚಿಕ್ಕ ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಆಗುವ ಕರೆಂಟ್ ಒಲೆ. ಗುಂಡಿ 200ರಲ್ಲಿದ್ದ ಮಾತ್ರಕ್ಕೆ ಒಳಗೆ 200 ಇರಬೇಕೆಂದಿಲ್ಲ. ಒಳಗೆ ತೂಗು ಹಾಕುವ ಓವನ್ ಥರ್ಮಾಮೀಟರ್ ಒಂದನ್ನು ತಂದುಕೊಳ್ಳಿ. ನನ್ನ ಓಟಿಜಿ 200 ತೋರಿಸುವಾಗ ಒಳಗೆ 175 ಇತ್ತು. ಅದು ಗೊತ್ತಾದ ದಿನದಿಂದ ಗುಂಡಿಯನ್ನು 225ಕ್ಕೆ ಇಡುತ್ತೇನೆ.

ವೋಲ್ಟೇಜ್ ಕೂಡ ನೋಡಿ. ಓಟಿಜಿಯ ರಾಡ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 200 ವೋಲ್ಟ್ ಬಂದರೆ ಶಾಖ ಸುಮಾರು ಕಾಲು ಭಾಗ ಕಡಿಮೆ. ಸಂಜೆ ಹೊತ್ತು ಎಲ್ಲರ ಮನೆಯಲ್ಲೂ ಗೀಸರ್, ಮಿಕ್ಸರ್ ನಡೆಯುವಾಗ ಟ್ಯೂಬ್‌ಲೈಟ್ ಮಿನುಗುತ್ತಿದ್ದರೆ ಓವನ್ ಕೂಡ ಸೊರಗಿದೆ ಎಂದು ತಿಳಿಯಿರಿ. ಆಗ ಪ್ರೀಹೀಟ್ ಸಮಯವನ್ನು 10ರಿಂದ 20 ನಿಮಿಷಕ್ಕೆ ಏರಿಸಿ. ಬಾಗಿಲನ್ನು ಪದೇ ಪದೇ ತೆರೆಯಬೇಡಿ. ಅಥವಾ ಓವನ್ ಬಿಟ್ಟು ಗ್ಯಾಸ್ ಮೇಲೆ ಬೀಡಿನ ತವಾ ಇಟ್ಟು ಮಾಡಿ. ಜೋಳದ ರೊಟ್ಟಿಯ ದಪ್ಪ ತವಾ ಇದಕ್ಕೆ ತುಂಬ ಚೆನ್ನಾಗಿ ಒಗ್ಗುತ್ತದೆ. ಶಾಖ ಸಮ ಇರುತ್ತದೆ, ಏರಿಳಿತ ಇಲ್ಲ. ಮನೆಯಲ್ಲಿ ರೊಟ್ಟಿಗೆ ಹಂದಿಮಾಂಸ ತಾಗಬಾರದು ಅನ್ನುವವರಿದ್ದರೆ ಬೇರೆ ತವಾ ತೆಗೆದುಕೊಳ್ಳಿ. ಆ ಮಾತನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಓಟಿಜಿಯಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಾಕಿರಬೇಕು. ಬರೀ ಕೆಳಗಿನದು ಉರಿಯುತ್ತಿದ್ದರೆ ಮೇಲೆ ಬಣ್ಣ ಬರುವುದಿಲ್ಲ. ಕೊನೆಯ ಎರಡು ನಿಮಿಷ ಬರೀ ಮೇಲಿನ ರಾಡ್ ಹಾಕಿ, ಆದರೆ ಓವನ್ ಮುಂದೆಯೇ ನಿಂತಿರಿ.

ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ

ಬೇಕನ್ ಬೇಯುವಾಗ ಉದ್ದದಲ್ಲಿ ತುಂಬಾ ಕುಗ್ಗುತ್ತದೆ. ಬಿಗಿಯಾಗಿ ಎಳೆದು ಸುತ್ತಿದ್ದರೆ ಟೂತ್‌ಪಿಕ್ ಇದ್ದರೂ ಕಿತ್ತುಕೊಂಡು ಬರುತ್ತದೆ. ಮೊದಲೇ ಅರ್ಧ ಬೇಯಿಸಿದ್ದರೆ ಕುಗ್ಗುವ ಕೆಲಸ ಅಲ್ಲೇ ಅರ್ಧ ಮುಗಿದಿರುತ್ತದೆ. ಹಾಗಾಗಿ ಈ ದೋಷ ತಾನಾಗೇ ಕಡಿಮೆಯಾಗುತ್ತದೆ.

ಒಂದು ಸುತ್ತು, ಜೊತೆಗೆ ಒಂದು ಬೆರಳಗಲ ಹೆಚ್ಚು. ಅಷ್ಟೇ ಸಾಕು. ಎರಡು ಸುತ್ತು ಸುತ್ತಿದರೆ ಒಳಪದರ ಎಂದೂ ಗರಿಯಾಗುವುದಿಲ್ಲ. ಬೇಕನ್‌ನ ತುದಿ ಕೆಳಗೆ ಬರುವ ಹಾಗೆ ಜಾಲರಿ ಮೇಲಿಡಿ. ಟೂತ್‌ಪಿಕ್ ಆ ತುದಿಯ ಮೂಲಕ ಹೊಕ್ಕು ಸಿಗಡಿಯ ಬಾಗಿದ ಎರಡೂ ಕಡೆ ದಾಟಿ ಹೊರಬರಲಿ. ಹೀಗೆ ಚುಚ್ಚಿದರೆ ಸಿಗಡಿ ಬಳೆಯಾಗಿ ಸುತ್ತಿಕೊಳ್ಳುವುದೂ ನಿಲ್ಲುತ್ತದೆ. ಕಡ್ಡಿಗಳನ್ನು ಅರ್ಧ ತಾಸು ನೀರಲ್ಲಿ ನೆನೆಸಿರಿ, ಇಲ್ಲದಿದ್ದರೆ ತುದಿ ಸುಟ್ಟು ಕರಿಯಾಗುತ್ತದೆ. ಪ್ಲಾಸ್ಟಿಕ್ ಕಡ್ಡಿ ಓವನ್‌ಗೆ ಬೇಡ. ಎಷ್ಟು ಕಡ್ಡಿ ಹಾಕಿದ್ದೀರಿ ಎಂದು ಎಣಿಸಿಕೊಳ್ಳಿ. ಮಕ್ಕಳು ತಿನ್ನುವ ತುಂಡಿನಲ್ಲಿ ಮುರಿದ ಚೂರು ಉಳಿಯಬಾರದು, ಅಲ್ವಾ?

ಸಿಗಡಿ ರಬ್ಬರ್ ಅಲ್ಲ, ಮುದ್ದೆ

ಇದನ್ನು ಮೊದಲು ಹೇಳಿದ ರಬ್ಬರ್ ದೋಷದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ರಬ್ಬರ್ ಆದರೆ ಅತಿಯಾಗಿ ಬೆಂದದ್ದು. ಬಾಯಲ್ಲಿ ಹಿಟ್ಟಿನ ಹಾಗೆ ಒಡೆದರೆ ಕಾರಣ ಬೇಯುವ ಮುಂಚೆಯೇ ನಡೆದಿದೆ.

ಹೆಚ್ಚಿನ ಸಲ ಹುಳಿಯ ಕೆಲಸ ಅದು. ನಿಂಬೆರಸ, ವಿನೆಗರ್, ಆಮಸೂಲಿನ ನೀರು ಯಾವುದೇ ಆಗಲಿ, ಸಿಗಡಿಯ ಮಾಂಸವನ್ನು ಬೆಂಕಿ ಇಲ್ಲದೆಯೇ ಬದಲಿಸುತ್ತದೆ. ಕೋಳಿಗೆ ಹಚ್ಚಿಡುವ ಹಾಗೆ ರಾತ್ರಿಯೆಲ್ಲ ಮಸಾಲೆಯಲ್ಲಿ ಇಟ್ಟರೆ ಬೆಳಗ್ಗೆ ಅದು ಕೆಟ್ಟಿರುತ್ತದೆ. ಹುಳಿ ಇದ್ದರೆ 15 ನಿಮಿಷ ಸಾಕು. ಹಸಿ ಪರಂಗಿ ಹಣ್ಣಂತೂ ಬೇಡವೇ ಬೇಡ. ಗೋವಾದ ರೆಶಾದ್ ಮಸಾಲೆ ಹಚ್ಚುವವರೂ ಗಮನಿಸಿ, ಅದರಲ್ಲಿ ವಿನೆಗರ್ ಇದೆ.

ಇನ್ನೊಂದು ಕಾರಣ ತಲೆ. ತಾಜಾ ಸಿಗಡಿಯನ್ನು ತಲೆ ಸಮೇತ ತಂದು ಅರ್ಧ ದಿನ ಬಿಟ್ಟರೆ ತಲೆಯೊಳಗಿನ ಜೀರ್ಣರಸ ಮಾಂಸಕ್ಕೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಮೊದಲು ಹಾಳಾಗುವುದು ಕುತ್ತಿಗೆಯ ಕಡೆ. ಹಾಗಾಗಿ ಮಾರ್ಕೆಟ್ಟಿನಲ್ಲೇ ತಲೆ ತೆಗೆಸಿಕೊಂಡು ಬನ್ನಿ, ಅಥವಾ ಮನೆಗೆ ಬಂದ ಕೂಡಲೇ ತೆಗೆಯಿರಿ. ಬೆನ್ನಿನ ಕಪ್ಪು ದಾರವನ್ನೂ ಆಗಲೇ ತೆಗೆದುಬಿಡಿ. ಅದು ಉಳಿದರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಅಮೋನಿಯಾ ವಾಸನೆ ಹೊಡೆಯುವ ಸಿಗಡಿಯನ್ನು ಯಾವ ಮಸಾಲೆಯೂ ಉಳಿಸುವುದಿಲ್ಲ. ಎಸೆಯಿರಿ.

ಮೆತ್ತಗಿದೆ ಎಂದು ಅನುಮಾನ ಬಂದ ಸಿಗಡಿಗೆ ಅರ್ಧ ಕಿಲೋಗೆ ಕಾಲು ಚಮಚ ಅಡುಗೆ ಸೋಡಾ ಸವರಿ 15ರಿಂದ 30 ನಿಮಿಷ ಫ್ರಿಜ್‌ನಲ್ಲಿಡಿ, ಆಮೇಲೆ ತೊಳೆದು ಒರೆಸಿ. ಬೆಂದಾಗ ಕಚ್ಚಿದರೆ ಗಟ್ಟಿ ಸಿಗುತ್ತದೆ. ಹಾಳಾದ ಸಿಗಡಿಗೆ ಇದು ಔಷಧವಲ್ಲ.

ಉಪ್ಪು ಜಾಸ್ತಿ

ಬೇಕನ್ ಅಂದರೆ ಉಪ್ಪು ಹಚ್ಚಿ ಹದ ಮಾಡಿದ ಮಾಂಸ. ಸಿಗಡಿಗೆ ಬೇರೆ ಉಪ್ಪು ಬೇಡ. ಬಾಟಲಿ ಮಸಾಲೆ, ಸೋಯಾ ಸಾಸ್ ಎರಡರಲ್ಲೂ ಉಪ್ಪಿದೆ. ನಾನು ಸಿಗಡಿಗೆ ಹಚ್ಚುವುದು ಬ್ಯಾಡಗಿ ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಇಷ್ಟೇ. ತಂದ ಬೇಕನ್ನೇ ತುಂಬ ಉಪ್ಪಾಗಿದ್ದರೆ ಕುದಿಯುವ ನೀರಲ್ಲಿ ಎರಡು ನಿಮಿಷ ಹಾಕಿ ತೆಗೆದು ಚೆನ್ನಾಗಿ ಒರೆಸಿ. ಒಂದಿಷ್ಟು ಉಪ್ಪು ಹೋಗುತ್ತದೆ, ಅರ್ಧ ಬೇಯಿಸುವ ಕೆಲಸವೂ ಶುರುವಾಗುತ್ತದೆ.

ಮೇಲೆ ಕರಕು, ಕಹಿ

ಬೆಲ್ಲ ಅಥವಾ ಜೇನು ಮೊದಲೇ ಹಚ್ಚಿದ್ದೀರಿ. ಕಬ್ಬಿನ ಜಿಲ್ಲೆಯವರು ನಾವು, ಬೆಲ್ಲದ ಮೇಲೆ ಪ್ರೀತಿ ಇದ್ದೇ ಇರುತ್ತದೆ. ಬೇಕನ್‌ನ ಉಪ್ಪು, ಹೊಗೆಯ ರುಚಿಗೆ ಬೆಲ್ಲ ನಿಜಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ ಸಕ್ಕರೆ ಅಂಶ ಹತ್ತು ನಿಮಿಷ ಆ ಶಾಖ ತಡೆಯುವುದಿಲ್ಲ. ಎರಡು ಚಮಚ ಬೆಲ್ಲ, ಒಂದು ಚಮಚ ಆಮಸೂಲಿನ ನೀರು, ಚಿಟಿಕೆ ಮೆಣಸಿನ ಪುಡಿ ಸೇರಿಸಿ ಎಳೆಪಾಕ ಮಾಡಿಟ್ಟುಕೊಳ್ಳಿ. ಕೊನೆಯ ಎರಡು ನಿಮಿಷ ಉಳಿದಾಗ ಬ್ರಷ್‌ನಿಂದ ತೆಳ್ಳಗೆ ಸವರಿ ಮತ್ತೆ ಒಳಗಿಡಿ. ಈ ಆಮಸೂಲು ಮೇಲಿನ ಬೇಕನ್‌ಗೆ ಮಾತ್ರ ತಾಗುವುದರಿಂದ ಸಿಗಡಿ ಮುದ್ದೆಯಾಗುವ ಭಯವಿಲ್ಲ.

ಬೇಕನ್ ಇನ್ನೂ ಗುಲಾಬಿ, ಹಸಿ ಇರಬಹುದೇ?

ಈ ಪ್ರಶ್ನೆಯನ್ನು ನನ್ನ ಅತ್ತೆಯವರು ಕೇಳಿದ್ದರು, ಸರಿಯಾದ ಪ್ರಶ್ನೆಯೇ. ಬೇಕನ್ ಹದ ಮಾಡುವಾಗ ನೈಟ್ರೈಟ್ ಹಾಕುತ್ತಾರೆ. ಪ್ಯಾಕೆಟ್ ಮೇಲೆ ಐಎನ್‌ಎಸ್ 250 ಎಂದಿರುತ್ತದೆ. ಅದರಿಂದ ಮಾಂಸ ಪೂರ್ತಿ ಬೆಂದ ಮೇಲೂ ಗುಲಾಬಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಮಾಂಸದ ಬಣ್ಣ ನೋಡಬೇಡಿ, ಕೊಬ್ಬು ನೋಡಿ. ಕೊಬ್ಬು ಬಿಳಿಯಾಗಿ, ಮೆತ್ತಗೆ, ಜಾರುವ ಹಾಗಿದ್ದರೆ ಇನ್ನೂ ಬೇಯಬೇಕು. ಹೊಂಬಣ್ಣಕ್ಕೆ ತಿರುಗಿ ಅಂಚು ಗರಿಯಾಗಿದ್ದರೆ ಬೆಂದಿದೆ.

ಇದರಲ್ಲಿ ಅಜಾಗರೂಕತೆ ಬೇಡ. ಹಂದಿಮಾಂಸ ಅರೆಬೆಂದರೆ ಲಾಡಿಹುಳುವಿನ ಅಪಾಯವಿದೆ. ಅಡುಗೆ ಥರ್ಮಾಮೀಟರ್ ಇದ್ದರೆ ಸಿಗಡಿಯ ನಡುವೆ 63 ಡಿಗ್ರಿ, ಬೇಕನ್ ಪದರ ಸೇರುವ ಕಡೆ 71 ಡಿಗ್ರಿ ದಾಟಿರಬೇಕು.

ಅಡುಗೆಮನೆ ತುಂಬ ಹೊಗೆ

ಕೊಬ್ಬು ಕೆಳಗಿನ ರಾಡ್ ಮೇಲೆ ತೊಟ್ಟಿಕ್ಕುತ್ತಿದೆ. ಜಾಲರಿಯ ಕೆಳಗೆ ಅಗಲವಾದ ಟ್ರೇ ಇರಲೇಬೇಕು, ಅದಕ್ಕೆ ಫಾಯಿಲ್ ಹಾಸಿರಬೇಕು. ಎರಡನೇ ಸರದಿಗೆ ಮುಂಚೆ ಟ್ರೇಯ ಜಿಡ್ಡು ಬಗ್ಗಿಸಿ ಒರೆಸಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ನೀರು ಎರಚಬೇಡಿ. ಸ್ವಿಚ್ ಆಫ್ ಮಾಡಿ, ಬಾಗಿಲು ಮುಚ್ಚಿಯೇ ಇರಲಿ, ತಾನಾಗಿ ಆರುತ್ತದೆ.

ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಸೋಸಿ ಬಾಟಲಿಯಲ್ಲಿಟ್ಟರೆ ಆಲೂಗಡ್ಡೆ ಹುರಿಯಲು ಬಹಳ ರುಚಿ.

ಸಿಗಡಿ ಬಿಟ್ಟು ಬೇರೆ ಹಾಕಿದಾಗ

ಸುರಮಯಿ ಮೀನಿನ ಮುಳ್ಳಿಲ್ಲದ ಚೌಕ ತುಂಡು ಚೆನ್ನಾಗಿ ಬರುತ್ತದೆ. ಒಂದೂವರೆ ಇಂಚಿಗಿಂತ ಸಣ್ಣದು ಬೇಡ. ತೆಳುವಾದ, ಮೆತ್ತನೆಯ ಮೀನು ಬೇಕನ್‌ನ ಒಳಗೆ ಪುಡಿಯಾಗುತ್ತದೆ.

ಬೊಂಡಾಸ್, ಅಂದರೆ ಸ್ಕ್ವಿಡ್, ಹಾಕಿದವರಿಗೆ ಯಾವಾಗಲೂ ರಬ್ಬರೇ ಸಿಗುತ್ತದೆ. ಅದರ ಸ್ವಭಾವ ಹಾಗೆ. ಒಂದೋ ಎರಡು ಮೂರು ನಿಮಿಷಕ್ಕೆ ತೆಗೆಯಬೇಕು, ಇಲ್ಲವೇ ಅರ್ಧ ತಾಸಿಗಿಂತ ಹೆಚ್ಚು ನಿಧಾನ ಬೇಯಿಸಬೇಕು. ಬೇಕನ್‌ಗೆ ಬೇಕಾದ ಹತ್ತು ನಿಮಿಷ ನಡುವಿನ ಕೆಟ್ಟ ಜಾಗಕ್ಕೆ ಬಂದು ನಿಲ್ಲುತ್ತದೆ. ನಾನು ಅದನ್ನು ಬಿಟ್ಟುಬಿಟ್ಟೆ.

ಸಿಂಪಿಯನ್ನು ಬೇಕನ್‌ನಲ್ಲಿ ಸುತ್ತಿ ಮಾಡುವ ಹಳೆಯ ತಿಂಡಿಯೊಂದು ಇಂಗ್ಲೆಂಡಿನಲ್ಲಿದೆ. ಅದನ್ನು ಏಂಜಲ್ಸ್ ಆನ್ ಹಾರ್ಸ್‌ಬ್ಯಾಕ್ ಅನ್ನುತ್ತಾರೆ. ಸಮುದ್ರದಿಂದ ಇಷ್ಟು ದೂರ ಸಿಂಪಿಯ ತಾಜಾತನದ ಬಗ್ಗೆ ನನಗೆ ಧೈರ್ಯ ಬರುವುದಿಲ್ಲ. ಗೋವಾಕ್ಕೆ ಹೋದಾಗ ಅಲ್ಲೇ ಮಾಡಿ ತಿನ್ನಿ.

ಅತಿಥಿಗಳ ಮುಂದೆ ಇಟ್ಟಾಗ ಮತ್ತೆ ಮೆತ್ತಗಾಯಿತು

ಬಿಸಿ ತುಂಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದ್ದೀರಿ, ಇಲ್ಲವೇ ಒಂದರ ಮೇಲೊಂದು ಪೇರಿಸಿದ್ದೀರಿ. ಹಬೆ ಹೋಗಲು ದಾರಿ ಇಲ್ಲ. ಓವನ್‌ನಿಂದ ತೆಗೆದು ಜಾಲರಿ ಮೇಲೇ ಮೂರು ನಿಮಿಷ ಬಿಡಿ, ಆಮೇಲೆ ಅಗಲ ತಾಟಿನಲ್ಲಿ ಒಂದೇ ಪದರವಾಗಿ ಹರಡಿ. ಹತ್ತು ಜನ ಬರುವುದಿದ್ದರೆ ಎಲ್ಲವನ್ನೂ ಒಟ್ಟಿಗೆ ಬೇಯಿಸಬೇಡಿ. ಮಧ್ಯಾಹ್ನವೇ ಬೇಕನ್ ಅರ್ಧ ಬೇಯಿಸಿ ಆರಿಸಿ, ಒರೆಸಿದ ಸಿಗಡಿಗೆ ಸುತ್ತಿ, ಕಡ್ಡಿ ಚುಚ್ಚಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಫ್ರಿಜ್‌ನ ಒಣ ಗಾಳಿಗೆ ಮೇಲ್ಮೈ ಇನ್ನೂ ಒಣಗುತ್ತದೆ, ಅದು ಒಳ್ಳೆಯದೇ. ಜನ ಬಂದ ಮೇಲೆ ಎಂಟೆಂಟರ ಸರದಿಯಲ್ಲಿ ಬೇಯಿಸಿ.

ತಾಟು ಮುಂದಿಡುವಾಗ ಇದರಲ್ಲಿ ಹಂದಿಮಾಂಸ ಇದೆ, ಸಿಗಡಿ ಇದೆ ಎಂದು ಬಾಯಿಬಿಟ್ಟು ಹೇಳಿ. ಹಂದಿಮಾಂಸ ತಿನ್ನದವರು ಎಲ್ಲ ಕಡೆ ಇದ್ದಾರೆ. ಸಿಗಡಿಯ ಅಲರ್ಜಿ ಕೆಲವರಿಗೆ ಉಸಿರು ಕಟ್ಟುವಷ್ಟು ಜೋರಾಗಿರುತ್ತದೆ. ಅಂಥವರಿಗೆ ಬಡಿಸುವ ಪನೀರ್ ತುಂಡನ್ನು ಅದೇ ಇಕ್ಕಳದಿಂದ ತಿರುವಬೇಡಿ, ಅದೇ ಟ್ರೇಯಲ್ಲಿ ಇಡಬೇಡಿ. ಅವರ ಪಾಲು ಮೊದಲು ಮಾಡಿ ಬೇರೆ ತಾಟಿನಲ್ಲಿ ಮುಚ್ಚಿಡಿ.

ಎರಡು ತಾಸು ಹೊರಗೆ ಉಳಿದದ್ದನ್ನು ಮತ್ತೆ ಫ್ರಿಜ್‌ಗೆ ಸೇರಿಸಬೇಡಿ. ಬೇಗನೆ ಎತ್ತಿಟ್ಟದ್ದನ್ನು ಮರುದಿನ ತಿನ್ನುವುದಾದರೆ ಮೈಕ್ರೋವೇವ್‌ಗೆ ಇಡಬೇಡಿ, ಸಿಗಡಿ ಮತ್ತೆ ಬೆಂದು ರಬ್ಬರ್ ಆಗುತ್ತದೆ. ಬೇಕನ್ ಬಿಚ್ಚಿ ತವಾ ಮೇಲೆ ಗರಿಯಾಗಿಸಿ. ಸಿಗಡಿಯನ್ನು ಸಣ್ಣಗೆ ಹೆಚ್ಚಿ, ಕೊನೆಗೆ ಬಿಸಿ ಅನ್ನಕ್ಕೋ ಉಪ್ಪಿಟ್ಟಿಗೋ ಸೇರಿಸಿ ಚೆನ್ನಾಗಿ ಬಿಸಿಯಾಗುವಷ್ಟು ಮಾತ್ರ ಕೈಯಾಡಿಸಿ.